ವಿಲ್‌ನಲ್ಲೊಂದು ದತ್ತಿ: ಮೂವತ್ತರಲ್ಲಿ ಬರೆಯುವವರು ಮೊತ್ತ ಬರೆಯಬೇಡಿ, ಪಾಲು ಬರೆಯಿರಿ

ಶಾಲಾ ವಾರ್ಷಿಕೋತ್ಸವದಲ್ಲಿ ‘ದತ್ತಿ ಬಹುಮಾನ’ ಎಂದು ಹೆಸರು ಕೂಗಿ ಕೊಡುವ ಲಕೋಟೆಯೊಳಗೆ ಎಷ್ಟಿರುತ್ತದೆ ಎಂಬುದು ಅದನ್ನು ಪಡೆದ ಮಕ್ಕಳಿಗೆ ಗೊತ್ತು. ದಾನಿ ಠೇವಣಿ ಇಟ್ಟ ಕಾಲದಲ್ಲಿ ಅದರ ಬಡ್ಡಿಗೆ ಒಂದಿಷ್ಟು ಪುಸ್ತಕಗಳಾದರೂ ಬರುತ್ತಿದ್ದವು. ಈಗ ಒಂದು ನೋಟ್‌ಬುಕ್ ಬಂದರೆ ಹೆಚ್ಚು. ದಾನಿಯ ಮನಸ್ಸು ಸಣ್ಣದಿರಲಿಲ್ಲ. ಬರೆದಿಟ್ಟ ಮೊತ್ತ ಅಲ್ಲೇ ನಿಂತಿತು, ಬೆಲೆಗಳು ಮುಂದೆ ಹೋದವು.

ಚಿಕ್ಕ ವಯಸ್ಸಿನಲ್ಲೇ ವಿಲ್ ಬರೆದು, ಅದರಲ್ಲಿ ಒಂದು ಆಸ್ಪತ್ರೆಗೋ ಶಾಲೆಗೋ ಕೆರೆಯ ಕೆಲಸಕ್ಕೋ ದಾನ ಬಿಡಬೇಕು ಎಂದುಕೊಳ್ಳುವವರ ಮುಂದಿರುವುದೂ ಇದೇ ಸಮಸ್ಯೆ. ಎಪ್ಪತ್ತು ದಾಟಿದವರ ವಿಲ್ ಹದಿನೈದು ಇಪ್ಪತ್ತು ವರ್ಷ ತಾಳಿದರೆ ಸಾಕು. ಮೂವತ್ತರವರ ವಿಲ್ ಐವತ್ತು ವರ್ಷ ತಾಳಬೇಕು, ನಾಳೆಯೇ ಬೇಕಾಗಿ ಬಂದರೂ ಮನೆಯವರನ್ನು ಕೈಬಿಡಬಾರದು. ಹೆಚ್ಚಿನ ಮಾದರಿ ವಿಲ್‌ಗಳನ್ನು ವಯಸ್ಸಾದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ. ಅದನ್ನೇ ನಕಲು ಮಾಡಿ ಹೆಸರು ಬದಲಿಸಿದರೆ ಈ ಎರಡರಲ್ಲಿ ಒಂದು ಕೆಲಸವಾದರೂ ಕೆಡುತ್ತದೆ.

ಈ ವಿಷಯ ಈಗ ಮುಂದೆ ಬಂದಿರುವುದಕ್ಕೆ ಎರಡು ಕಾರಣಗಳಿವೆ. ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಹಾಗಾಗಿ ಅನೇಕರು ಮೊದಲ ಬಾರಿಗೆ ‘ನನ್ನ ನಂತರ ಯಾರಿಗೆ’ ಎಂದು ಫಾರಂ ತುಂಬುತ್ತಿದ್ದಾರೆ. ಅದೇ ತಿಂಗಳು ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಮಹಿಳೆಯರು, ಅದರಲ್ಲೂ ಹಿಂದೂ ಮಹಿಳೆಯರು, ತಪ್ಪದೆ ವಿಲ್ ಬರೆದಿಡಬೇಕು ಎಂದು ಮನವಿ ಮಾಡಿತು.

ಆ ಮನವಿಯ ಹಿಂದಿರುವ ಕಾನೂನನ್ನು ಮೊದಲು ನೋಡಬೇಕು. ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಒಂದು ರೂಪಾಯಿಯೂ ಯಾವ ಒಳ್ಳೆಯ ಕೆಲಸಕ್ಕೂ ಹೋಗುವುದಿಲ್ಲ, ಎಷ್ಟು ಸಲ ಬಾಯಲ್ಲಿ ಹೇಳಿದ್ದರೂ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮದುವೆಯಾಗದ ಗಂಡುಮಗ ವಿಲ್ ಇಲ್ಲದೆ ಸತ್ತರೆ ಆಸ್ತಿಯೆಲ್ಲ ತಾಯಿಗೆ. ತಂದೆ ಎರಡನೇ ವರ್ಗದ ವಾರಸುದಾರ, ತಾಯಿ ಬದುಕಿದ್ದರೆ ಅವರಿಗೆ ಏನೂ ಇಲ್ಲ. ಮದುವೆಯಾಗಿ ಮಕ್ಕಳಿಲ್ಲದ ಹೆಣ್ಣುಮಗಳ ಸ್ವಯಾರ್ಜಿತ ಆಸ್ತಿ ಗಂಡನಿಗೆ. ಗಂಡನೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳನ್ನು ಓದಿಸಿ ಬೆಳೆಸಿದ ತಂದೆ ತಾಯಿಯ ಸರದಿ ಅದಾದ ಮೇಲೆ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮಾನ್ಯತಾ ಟೆಕ್ ಪಾರ್ಕಿನಲ್ಲೋ ದುಡಿದು ಊರಿನ ತಂದೆ ತಾಯಿಗೆ ತಿಂಗಳಿಗಿಷ್ಟು ಕಳಿಸುವ ಹೆಣ್ಣುಮಗಳಿಗೆ, ದಾನದ ಯೋಚನೆ ಇಲ್ಲದಿದ್ದರೂ, ಇದೊಂದೇ ಕಾರಣ ಸಾಕು.

ನಾಮಿನಿ ಬೇರೆ, ವಾರಸುದಾರ ಬೇರೆ

ಫಾರಂನಲ್ಲಿ ನಾಮಿನಿ ಹೆಸರು ಬರೆದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬೆಂಗಳೂರಿನ ಓದಿದವರಲ್ಲೂ ಗಟ್ಟಿಯಾಗಿದೆ. ಬ್ಯಾಂಕ್ ಠೇವಣಿ, ಷೇರು, ಮ್ಯೂಚುವಲ್ ಫಂಡ್‌ಗಳಲ್ಲಿ ನಾಮಿನಿ ಹಣವನ್ನು ಕೈಗೆ ಪಡೆಯುವವರು ಮಾತ್ರ. ಅದನ್ನು ನಿಜವಾದ ಹಕ್ಕುದಾರರಿಗೆ ಕೊಡಬೇಕಾದ ಹೊಣೆ ಅವರ ಮೇಲಿರುತ್ತದೆ. ಷೇರುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಹಕ್ಕುದಾರರು ಯಾರು ಎಂಬುದನ್ನು ಹೇಳುವುದು ವಿಲ್, ಅದು ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆ. ಬ್ಯಾಂಕ್ ಠೇವಣಿಗೆ ನಾಮಿನಿಯಾಗುವವರು ವ್ಯಕ್ತಿಯೇ ಆಗಿರಬೇಕು, ಸಂಸ್ಥೆಯ ಹೆಸರು ಬರೆಯಲಾಗದು. ಹಾಗಾಗಿ ದಾನಕ್ಕೆ ನಾಮಿನೇಷನ್ ದಾರಿಯಲ್ಲ, ವಿಲ್ಲೇ ದಾರಿ.

ಇದಕ್ಕೆ ಮುಖ್ಯ ವಿನಾಯಿತಿ ಜೀವವಿಮೆ. 2015ರ ತಿದ್ದುಪಡಿಯ ನಂತರ, ಪಾಲಿಸಿದಾರರು ತಮ್ಮ ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಆ ಹಣ ಅವರದೇ ಆಗುತ್ತದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದ ಪಾಲಿಸಿಯಂತೂ ಹೆಂಡತಿ ಮಕ್ಕಳ ಹೆಸರಿನ ಟ್ರಸ್ಟ್ ಇದ್ದಂತೆ, ಸಾಲ ಕೊಟ್ಟವರೂ ಮುಟ್ಟಲಾಗದು. ಭವಿಷ್ಯ ನಿಧಿಗೂ ತನ್ನದೇ ನಿಯಮವಿದೆ: ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು, ಮದುವೆಗೆ ಮುಂಚೆ ಮಾಡಿದ ನಾಮಿನೇಷನ್ ಮದುವೆಯಾದೊಡನೆ ಬಿದ್ದುಹೋಗುತ್ತದೆ. ಭವಿಷ್ಯ ನಿಧಿ, ಗ್ರಾಚ್ಯುಟಿಗಳನ್ನು ದಾನದ ಲೆಕ್ಕಕ್ಕೆ ಸೇರಿಸದಿರುವುದೇ ಒಳ್ಳೆಯದು.

‘ಮನೆಯವರಿಗೇ ಸಾಲದು, ದಾನ ಎಲ್ಲಿಂದ’ ಎಂಬ ಸಹಜ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲೇ. ಮೂವತ್ತರ ವಯಸ್ಸಿನ ಸಂಬಳದಾರರ ನಿಜವಾದ ‘ಆಸ್ತಿ’ ಮುಂದಿನ ದುಡಿಮೆ. ಅದಕ್ಕೆ ಬದಲಿಯಾಗಿ ನಿಲ್ಲುವುದು ಟರ್ಮ್ ವಿಮೆ, ಅಂದರೆ ನಿಗದಿತ ಅವಧಿಯೊಳಗೆ ತೀರಿಕೊಂಡರೆ ಹಣ ಕೊಡುವ ಜೀವವಿಮೆ. ಗೃಹಸಾಲವನ್ನು ತೀರಿಸಿ, ಮನೆಯ ಹತ್ತು ಹದಿನೈದು ವರ್ಷದ ಖರ್ಚನ್ನು ಹೊರುವಷ್ಟು ವಿಮೆ ಮಾಡಿಸಿ, ಸರಿಯಾದ ನಾಮಿನಿ ಹಾಕಿದರೆ ಆ ಹಣ ವಿಲ್‌ನ ಹೊರಗೇ ನೇರವಾಗಿ ಮನೆಯವರಿಗೆ ಸೇರುತ್ತದೆ. ಉಳಿದ ಠೇವಣಿ, ಫಂಡು, ಷೇರುಗಳಲ್ಲಿ ಒಂದು ಪಾಲನ್ನು ದಾನಕ್ಕೆ ಬಿಟ್ಟರೆ ಯಾರ ತುತ್ತೂ ಕಸಿದಂತಾಗುವುದಿಲ್ಲ. ವಿಮೆಯೂ ಇಲ್ಲ, ಅವಲಂಬಿತರೂ ಇದ್ದಾರೆ ಎಂದಾದರೆ ಮೊದಲು ವಿಮೆ, ಆಮೇಲೆ ದಾನ. ಈ ಕ್ರಮ ತಲೆಕೆಳಗಾಗಬಾರದು.

ಮೊತ್ತ ಏಕೆ ಬೇಡ

‘ನನ್ನ ಮರಣಾನಂತರ ಇಂಥ ಆಸ್ಪತ್ರೆಗೆ ₹10 ಲಕ್ಷ’ ಎಂಬ ಸಾಲು ಎರಡೂ ಕಡೆ ಕೆಡುತ್ತದೆ. ಬರೆದವರು ನಲವತ್ತು ವರ್ಷ ಬದುಕಿ, ಹಣದುಬ್ಬರ ಸರಾಸರಿ ಶೇ 6 ಇತ್ತು ಎಂದುಕೊಳ್ಳಿ. ಆಗ ಆ ₹10 ಲಕ್ಷದ ಕೊಳ್ಳುವ ಶಕ್ತಿ ಇಂದಿನ ₹97 ಸಾವಿರದಷ್ಟು. ಬದಲಿಗೆ ಅವರು ಎರಡೇ ವರ್ಷದಲ್ಲಿ ತೀರಿಕೊಂಡು, ಸಾಲಗಳೆಲ್ಲ ಕಳೆದು ಉಳಿದದ್ದು ₹12 ಲಕ್ಷ ಎಂದುಕೊಳ್ಳಿ. ಕಾನೂನಿನ ಪ್ರಕಾರ ವಿಲ್‌ನಲ್ಲಿ ನಿಗದಿ ಮಾಡಿದ ಮೊತ್ತ ಮೊದಲು, ‘ಉಳಿದದ್ದೆಲ್ಲ ತಾಯಿಗೆ’ ಎಂಬುದು ಆಮೇಲೆ. ಆಸ್ಪತ್ರೆಗೆ ₹10 ಲಕ್ಷ, ತಾಯಿಗೆ ₹2 ಲಕ್ಷ. ಯಾವ ಮಗನೂ ಮಗಳೂ ಹೀಗಾಗಲಿ ಎಂದು ಬರೆದಿರುವುದಿಲ್ಲ.

ಒಂದು ನಿರ್ದಿಷ್ಟ ವಸ್ತುವನ್ನು ಬರೆಯುವುದೂ ಇಷ್ಟೇ ಅಪಾಯಕಾರಿ. ‘ಯಲಹಂಕದ ನನ್ನ ಸೈಟು ಇಂಥ ಟ್ರಸ್ಟಿಗೆ’ ಎಂದು ಬರೆದು, ಹತ್ತು ವರ್ಷದ ನಂತರ ಸೈಟು ಮಾರಿ ಫ್ಲ್ಯಾಟ್ ಕೊಂಡರೆ ಆ ದಾನ ಬಿದ್ದುಹೋಗುತ್ತದೆ. ಸೈಟಿನ ಹಣದಿಂದಲೇ ಫ್ಲ್ಯಾಟ್ ಬಂತು ಎಂಬ ವಾದ ನಿಲ್ಲುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 152ನೇ ಸೆಕ್ಷನ್ ಹೇಳುವುದು ಇದನ್ನೇ: ಹೆಸರಿಸಿದ ವಸ್ತು ಸಾಯುವ ಹೊತ್ತಿಗೆ ಬರೆದವರ ಆಸ್ತಿಯಲ್ಲಿ ಇಲ್ಲದಿದ್ದರೆ ಆ ಉಡುಗೊರೆಯೂ ಇಲ್ಲ.

ಸಾಲ, ಅಂತ್ಯಕ್ರಿಯೆಯ ಖರ್ಚು, ವಿಲ್ ಜಾರಿಯ ಖರ್ಚು ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಆಸ್ತಿಯಲ್ಲಿ ಶೇಕಡಾವಾರು ಪಾಲು ಬರೆದರೆ ಎರಡೂ ತೊಂದರೆ ತಪ್ಪುತ್ತವೆ. ಆಸ್ತಿ ಬೆಳೆದಂತೆ ದಾನವೂ ಬೆಳೆಯುತ್ತದೆ, ಕರಗಿದರೆ ಮನೆಯವರ ಜೊತೆಗೆ ದಾನವೂ ಕರಗುತ್ತದೆ. ಯಾರು ಬದುಕಿದ್ದಾರೆ ಎಂಬುದರ ಮೇಲೆ ಪಾಲನ್ನು ಏರಿಳಿಸಲೂಬಹುದು. ಭಾಷೆ ಹೀಗಿರಬಹುದು:

‘ನನ್ನ ಎಲ್ಲ ಸಾಲ, ತೆರಿಗೆ ಮತ್ತು ಖರ್ಚುಗಳನ್ನು ಕಳೆದು ಉಳಿಯುವ ಆಸ್ತಿಯಲ್ಲಿ, ನನ್ನ ತಂದೆ, ತಾಯಿ, ಪತ್ನಿ ಅಥವಾ ಮಕ್ಕಳಲ್ಲಿ ಯಾರಾದರೂ ನನ್ನ ಮರಣದ ನಂತರ 30 ದಿನ ಜೀವಂತವಾಗಿದ್ದರೆ ಶೇ 10 ಭಾಗವನ್ನು, ಯಾರೂ ಇಲ್ಲದಿದ್ದರೆ ಶೇ 60 ಭಾಗವನ್ನು, ಇಂಥ ನೋಂದಣಿ ಸಂಖ್ಯೆಯ, ಇಂಥ ಪ್ಯಾನ್ ಸಂಖ್ಯೆಯ, ಇಂಥ ವಿಳಾಸದ ಸಂಸ್ಥೆಗೆ, ಕರ್ನಾಟಕದ ಬಡ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗಾಗಿ ಕೊಡತಕ್ಕದ್ದು. ಆ ಸಂಸ್ಥೆ ಅಸ್ತಿತ್ವದಲ್ಲಿ ಇಲ್ಲದಿದ್ದರೆ, ಬೇರೆ ಸಂಸ್ಥೆಯಲ್ಲಿ ವಿಲೀನವಾಗಿದ್ದರೆ ಅಥವಾ ಆ ಕೆಲಸ ನಿಲ್ಲಿಸಿದ್ದರೆ, ಅದೇ ಉದ್ದೇಶಕ್ಕೆ ದುಡಿಯುವ ಇನ್ನೊಂದು ನೋಂದಾಯಿತ ಸಂಸ್ಥೆಯನ್ನು ನನ್ನ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವರು) ಆರಿಸಿ ಕೊಡತಕ್ಕದ್ದು.’

ಉಳಿದ ಭಾಗ ಯಾರಿಗೆ ಎಂಬುದನ್ನು ಇದರ ಮುಂದೆಯೇ ಬರೆಯಬೇಕು, ಇಲ್ಲದಿದ್ದರೆ ಅಷ್ಟು ಆಸ್ತಿ ವಿಲ್ ಇಲ್ಲದಂತೆಯೇ ಹಂಚಿಕೆಯಾಗುತ್ತದೆ. 30 ದಿನದ ಮಾತು ಒಂದೇ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ಹೋದಾಗ ಕೆಲಸಕ್ಕೆ ಬರುತ್ತದೆ. ಇಂಥ ಸಂದರ್ಭದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಚಿಕ್ಕವರು ಕೊನೆಗೆ ತೀರಿಕೊಂಡರು ಎಂದು ಊಹಿಸುತ್ತದೆ, ಆಸ್ತಿ ಕೆಲವೇ ನಿಮಿಷದ ಅಂತರದ ಲೆಕ್ಕದಲ್ಲಿ ನೀವೆಣಿಸದ ಕಡೆಗೆ ಹೋಗಬಹುದು.

ಸಂಸ್ಥೆ ಬದಲಾದರೆ ಏನು ಎಂಬ ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಐವತ್ತು ವರ್ಷ ಎಂದರೆ ಸಂಸ್ಥೆಗಳು ಹುಟ್ಟಿ ಮುಚ್ಚುವಷ್ಟು ಕಾಲ. ಉದ್ದೇಶವನ್ನು ಹೆಸರಿಸಿದ್ದರೆ ಕೋರ್ಟು ಕೂಡ ಅದನ್ನು ಉಳಿಸಲು ನೋಡುತ್ತದೆ. ಹಾಗೆಂದು ಉದ್ದೇಶ ತೀರಾ ಅಗಲವಾಗಿರಬಾರದು. ‘ನನ್ನ ಹಣವೆಲ್ಲ ಧರ್ಮಕ್ಕೆ’ ಎಂದು ಬರೆಯುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಅಂಥ ದಾನ ಅಸ್ಪಷ್ಟ, ಆದ್ದರಿಂದ ಅನೂರ್ಜಿತ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1899ರಲ್ಲೇ ಹೇಳಿತು. ‘ಒಳ್ಳೆಯ ಕೆಲಸಕ್ಕೆ’, ‘ಪುಣ್ಯ ಕಾರ್ಯಕ್ಕೆ’ ಎಂಬ ಮಾತುಗಳಿಗೂ ಅದೇ ಗತಿಯಾಗಬಹುದು. ಶಿಕ್ಷಣ, ಚಿಕಿತ್ಸೆ, ಅನ್ನ, ಪ್ರಾಣಿಗಳ ಆರೈಕೆ, ಹೀಗೆ ಏನು ಎಂದು ಹೇಳಿ. ಎಲ್ಲಿ, ಯಾರಿಗೆ ಎಂದೂ ಹೇಳಿದರೆ ಇನ್ನೂ ಒಳ್ಳೆಯದು.

ಸಂಸ್ಥೆಯನ್ನು ಆರಿಸುವಾಗ ಅದು ಟ್ರಸ್ಟೋ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸೊಸೈಟಿಯೋ, ಲಾಭದ ಉದ್ದೇಶವಿಲ್ಲದ ಸೆಕ್ಷನ್ 8 ಕಂಪನಿಯೋ ಎಂದು ಕೇಳಿ, ನೋಂದಾಯಿತ ಪೂರ್ಣ ಹೆಸರನ್ನೇ ಬರೆಯಿರಿ. ಬೋರ್ಡಿನ ಮೇಲಿನ ಹೆಸರು ಮತ್ತು ದಾಖಲೆಯ ಹೆಸರು ಬೇರೆಯಾಗಿರುವುದು ಸಾಮಾನ್ಯ. ಒಂದೇ ಮಠ, ಒಂದೇ ಆಸ್ಪತ್ರೆ ಸಮೂಹದಡಿ ನಾಲ್ಕಾರು ಟ್ರಸ್ಟ್‌ಗಳಿರುತ್ತವೆ. ಪ್ಯಾನ್ ಸಂಖ್ಯೆ ಬರೆದರೆ ಈ ಗೊಂದಲ ಇರುವುದಿಲ್ಲ.

ಸಹಿ, ಸಾಕ್ಷಿ, ಸಂಶಯ

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಬಹುದು. 18 ತುಂಬಿ ಬುದ್ಧಿ ಸ್ವಸ್ಥವಾಗಿರಬೇಕು, ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ನೋಡಿ ನಿಮ್ಮ ಎದುರೇ ಸಹಿ ಹಾಕಬೇಕು. ಮೊಬೈಲ್‌ನಲ್ಲಿ ಬೆಳೆದ ತಲೆಮಾರು ಗಮನಿಸಬೇಕಾದ್ದು: ಮಾಹಿತಿ ತಂತ್ರಜ್ಞಾನ ಕಾಯ್ದೆ ವಿಲ್‌ಗಳಿಗೆ ಅನ್ವಯಿಸುವುದಿಲ್ಲ. ಡಿಜಿಟಲ್ ಸಹಿ, ಇ-ಮೇಲ್, ವಿಡಿಯೊ ಯಾವುದೂ ವಿಲ್ ಆಗುವುದಿಲ್ಲ. ಆ್ಯಪ್‌ನಲ್ಲಿ ತಯಾರಿಸಿದರೂ ಮುದ್ರಿಸಿ, ಶಾಯಿಯಲ್ಲಿ ಸಹಿ ಹಾಕಲೇಬೇಕು.

ಯುವಕರ ವಿಲ್ ಸೋಲುವುದು ಹೆಚ್ಚಾಗಿ ಸಾಕ್ಷಿಗಳ ವಿಚಾರದಲ್ಲಿ. ವಿವಾದವಾದರೆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು, ನೋಂದಣಿಯಾದ ವಿಲ್‌ಗೂ ಇದು ತಪ್ಪಿದ್ದಲ್ಲ. ಮೂವತ್ತರ ವಿಲ್‌ಗೆ ಅರವತ್ತೈದರ ಸೋದರಮಾವ ಸಾಕ್ಷಿ ಹಾಕಿದರೆ ಬೇಕಾದಾಗ ಅವರು ಇರುವುದಿಲ್ಲ. ಪಕ್ಕದ ಡೆಸ್ಕಿನ ಸಹೋದ್ಯೋಗಿ ಮುಂದಿನ ವರ್ಷ ಯಾವ ದೇಶದಲ್ಲಿರುತ್ತಾರೋ ಗೊತ್ತಿಲ್ಲ. ನಿಮ್ಮ ವಯಸ್ಸಿನ, ಊರಿನಲ್ಲಿ ಬೇರುಬಿಟ್ಟ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಆರಿಸಿ, ಅವರ ಪೂರ್ತಿ ಹೆಸರು, ತಂದೆಯ ಹೆಸರು, ಶಾಶ್ವತ ವಿಳಾಸ ಬರೆಸಿ.

ದಾನ ಪಡೆಯುವ ಸಂಸ್ಥೆಯವರು ವಿಲ್ ಬರೆದುಕೊಡಲು, ಸಾಕ್ಷಿ ಹಾಕಲು ಮುಂದೆ ಬಂದರೆ ನಯವಾಗಿ ಬೇಡ ಎನ್ನಿ. ಮೈಸೂರು ರಾಜ್ಯದಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಲ್‌ಗಳ ಬಗ್ಗೆ ಇಡೀ ದೇಶ ಇಂದಿಗೂ ಅನುಸರಿಸುವ ಸೂತ್ರವನ್ನು ಕೊಟ್ಟಿತು. ಲಾಭ ಪಡೆಯುವವರೇ ವಿಲ್ ಬರೆಸುವಲ್ಲಿ ಮುಂದಾಗಿದ್ದರೆ, ಹತ್ತಿರದವರನ್ನು ಕಾರಣವಿಲ್ಲದೆ ಬಿಟ್ಟಿದ್ದರೆ, ಸಂಶಯ ಹುಟ್ಟುತ್ತದೆ. ಆ ಸಂಶಯವನ್ನು ನಿವಾರಿಸುವ ಹೊಣೆ ವಿಲ್ ಮುಂದಿಡುವವರದು. ಹಾಗಾಗಿ ದಾನ ಏಕೆ ಎಂಬುದಕ್ಕೆ ಎರಡು ಸಾಲು, ತಂದೆ ತಾಯಿಗೆ ವಿಮೆಯಿಂದ ಇಷ್ಟು ಬರುತ್ತದೆ ಎಂಬುದಕ್ಕೆ ಒಂದು ಸಾಲು ವಿಲ್‌ನಲ್ಲೇ ಇರಲಿ. ಚಿಕ್ಕ ವಯಸ್ಸಿನ ವಿಲ್‌ನ ದೊಡ್ಡ ಬಲವೂ ಇಲ್ಲೇ ಇದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಬರೆದ ವಿಲ್‌ಗೆ ಬರುವ ‘ಬುದ್ಧಿ ನೆಟ್ಟಗಿತ್ತೇ’ ಎಂಬ ಪ್ರಶ್ನೆ, ಕೆಲಸಕ್ಕೆ ಹೋಗಿ ಬರುತ್ತಿದ್ದವರ ವಿಲ್‌ಗೆ ಅಂಟಿಕೊಳ್ಳುವುದು ಕಷ್ಟ.

ನೋಂದಣಿ ಕಡ್ಡಾಯವಲ್ಲ. ಆದರೆ ಐವತ್ತು ವರ್ಷ ಒಂದು ಕಾಗದವನ್ನು ಬಾಡಿಗೆ ಮನೆಗಳ ನಡುವೆ ಕಾಪಾಡುವುದು ಸುಲಭವಲ್ಲ, ಹಾಗಾಗಿ ನಮ್ಮ ಸಲಹೆ ನೋಂದಣಿ ಮಾಡಿಸಿ ಎಂಬುದೇ. ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ, ನೋಂದಣಿಗೆ ಸಣ್ಣ ನಿಗದಿತ ಶುಲ್ಕ. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಅರ್ಜಿ ತುಂಬಿ, ಸಮಯ ಗೊತ್ತುಮಾಡಿಕೊಂಡು, ಗುರುತಿನ ಚೀಟಿಗಳೊಂದಿಗೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದರೆ ಆಯಿತು. ನೀವು ಬದುಕಿರುವವರೆಗೆ ಅದರ ನಕಲನ್ನು ನಿಮಗೆ ಅಥವಾ ನಿಮ್ಮ ಅಧಿಕೃತ ಪ್ರತಿನಿಧಿಗೆ ಬಿಟ್ಟು ಯಾರಿಗೂ ಕೊಡುವುದಿಲ್ಲ. ಒಳಗೇನಿದೆ ಎಂದು ಕಚೇರಿಗೂ ತಿಳಿಯಬಾರದು ಎನ್ನುವವರು ಮುಚ್ಚಿ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡಬಹುದು. ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರ್‌ನಲ್ಲಿ ಮಾತ್ರ ಮೂಲ ಪ್ರತಿ ಇಡಬೇಡಿ. ಲಾಕರ್ ತೆಗೆಸಲು ಬೇಕಾದ ಕಾಗದವೇ ಲಾಕರ್‌ನೊಳಗೆ ಉಳಿಯುತ್ತದೆ.

ಸಮುದಾಯ, ದೇಶ, ಆಸ್ತಿ: ಎಲ್ಲರಿಗೂ ಒಂದೇ ನಿಯಮವಲ್ಲ

ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಾರಸುದಾರರ ಒಪ್ಪಿಗೆ ಇಲ್ಲದೆ ದಾನ ಬರೆಯಬಹುದು. ಕ್ರೈಸ್ತರಿಗೆ ಹಿಂದೆ ಒಂದು ಕಟ್ಟುಪಾಡಿತ್ತು: ಹತ್ತಿರದ ಬಂಧುಗಳಿದ್ದರೆ, ಸಾವಿಗೆ ಕನಿಷ್ಠ 12 ತಿಂಗಳು ಮುಂಚೆ ಬರೆದು 6 ತಿಂಗಳೊಳಗೆ ಠೇವಣಿ ಇಟ್ಟ ವಿಲ್ ಮೂಲಕ ಮಾತ್ರ ದಾನ. ಆ 118ನೇ ಸೆಕ್ಷನ್ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ರದ್ದುಮಾಡಿದೆ. ಯುವ ಕ್ರೈಸ್ತರು, ಪಾರ್ಸಿಗಳು ಎಚ್ಚರವಹಿಸಬೇಕಾದ್ದು ಬೇರೆಯದಿದೆ. ಅವರು ಮದುವೆಗೆ ಮುಂಚೆ ಬರೆದ ವಿಲ್ ಮದುವೆಯಾದ ಕ್ಷಣ ರದ್ದಾಗುತ್ತದೆ. ಹಿಂದೂಗಳಿಗೆ ಈ ನಿಯಮ ಇಲ್ಲದಿದ್ದರೂ, ಅಂತರ್ಧರ್ಮೀಯ ಮದುವೆಯಾದವರು ಯಾವ ಧರ್ಮದವರಾದರೂ ಹೊಸ ವಿಲ್ ಬರೆಯುವುದೇ ಕ್ಷೇಮ.

ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವವರ ಬಳಿ ಅಮೆರಿಕದ ಷೇರುಗಳಿರುವುದು ಈಗ ಸಾಮಾನ್ಯ. ಅಲ್ಲಿನ ಪೌರರೂ ನಿವಾಸಿಗಳೂ ಅಲ್ಲದವರ ಅಮೆರಿಕದ ಆಸ್ತಿ ಸಾವಿನ ಹೊತ್ತಿಗೆ 60,000 ಡಾಲರ್ ಮೀರಿದ್ದರೆ ಅಲ್ಲಿನ ಎಸ್ಟೇಟ್ ತೆರಿಗೆ ಬೀಳುತ್ತದೆ, ದರ ಶೇ 40ರವರೆಗೆ ಏರುತ್ತದೆ. ಭಾರತದಲ್ಲಿ ಇಂಥ ತೆರಿಗೆ 1985ರಲ್ಲೇ ಹೋಗಿದೆ ಎಂಬ ನೆಮ್ಮದಿಯಲ್ಲಿ ಇದನ್ನು ಮರೆಯುವವರು ಬಹಳ. ದಾನ ಪಡೆಯುವ ಸಂಸ್ಥೆಗೆ ವಿದೇಶಿ ಷೇರುಗಳನ್ನೇ ಕೊಡುವ ಬದಲು, ಎಕ್ಸಿಕ್ಯೂಟರ್ ಮಾರಿ ರೂಪಾಯಿಯಲ್ಲಿ ಕೊಡುವಂತೆ ಬರೆಯಿರಿ. ಮುಂದೆ ನೀವೇ ಬೇರೆ ದೇಶದ ಪೌರತ್ವ ಪಡೆದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಿಮ್ಮ ದಾನ ವಿದೇಶಿ ದೇಣಿಗೆಯಾಗುತ್ತದೆ. ವಿದೇಶಿ ದೇಣಿಗೆ ಕಾಯ್ದೆಯಡಿ ಅನುಮತಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗಳಿಗೆ ಈ ತೊಡಕಿಲ್ಲ.

ಸ್ಥಿರಾಸ್ತಿಯನ್ನು ಇದ್ದ ಹಾಗೇ ಕೊಡುವುದನ್ನು ನಾವು ಬೆಂಬಲಿಸುವುದಿಲ್ಲ. ಬಿ ಖಾತಾ ಸೈಟು, ಇ-ಖಾತಾದಲ್ಲಿ ಹೆಸರು ಹೊಂದದ ಫ್ಲ್ಯಾಟು, ಅಣ್ಣತಮ್ಮಂದಿರೊಂದಿಗೆ ಜಂಟಿಯಾಗಿರುವ ಜಮೀನು, ಇವೆಲ್ಲ ಸಣ್ಣ ಸಂಸ್ಥೆಯೊಂದಕ್ಕೆ ವರ್ಷಗಟ್ಟಲೆ ಕೋರ್ಟು ಕಚೇರಿಯ ಅಲೆದಾಟವನ್ನೇ ತರುತ್ತವೆ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು, ಇಡೀ ಆಸ್ತಿಯನ್ನಲ್ಲ. ದೇಣಿಗೆಗೆ ಸಿಗುವ, 80ಜಿ ಎಂದೇ ಹೆಸರಾದ ಆದಾಯ ತೆರಿಗೆ ರಿಯಾಯಿತಿಯ ಆಸೆಯನ್ನೂ ಬಿಡಬೇಕು. ಅದು ಬದುಕಿರುವಾಗ ಕೊಟ್ಟ ದೇಣಿಗೆಗೆ ಮಾತ್ರ. ರಿಯಾಯಿತಿಯೂ ಬೇಕು, ಸಂಸ್ಥೆ ಹೇಗೆ ಖರ್ಚು ಮಾಡುತ್ತದೆ ಎಂದು ಕಣ್ಣಾರೆ ನೋಡಲೂ ಬೇಕು ಎನ್ನುವವರು ಈಗಿನಿಂದಲೇ ಸಣ್ಣ ಮೊತ್ತ ಕೊಡುತ್ತಾ ಹೋಗುವುದು ಸರಿಯಾದ ದಾರಿ. ವಿಲ್‌ಗೆ ಯಾವ ಸಂಸ್ಥೆಯನ್ನು ಹಾಕಬೇಕು ಎಂಬುದೂ ಆ ಪರಿಚಯದಿಂದಲೇ ತಿಳಿಯುತ್ತದೆ.

ಎಕ್ಸಿಕ್ಯೂಟರ್ ಆಗಿ ಒಬ್ಬರನ್ನು ಹೆಸರಿಸಿ, ಅವರು ಇಲ್ಲದಿದ್ದರೆ ಯಾರು ಎಂದು ಇನ್ನೊಬ್ಬರನ್ನೂ ಹೆಸರಿಸಿ. ಬೆಂಗಳೂರಿನಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಸಾಚಾ ಎಂಬ ಕೋರ್ಟಿನ ದೃಢೀಕರಣ) ಕಡ್ಡಾಯವಲ್ಲ. ಹಾಗಿದ್ದರೂ ಬ್ಯಾಂಕುಗಳು ದೊಡ್ಡ ಮೊತ್ತಕ್ಕೆ ಕೋರ್ಟಿನ ಆದೇಶ ಕೇಳುವುದುಂಟು. ಓಡಾಡುವ ಶಕ್ತಿ ಮತ್ತು ತಾಳ್ಮೆ ಇರುವವರೇ ಈ ಕೆಲಸಕ್ಕೆ ಬೇಕು. ಅವರ ಖರ್ಚಿಗೆ ಆಸ್ತಿಯಿಂದಲೇ ಹಣ ತೆಗೆಯಬಹುದು ಎಂದು ಬರೆಯುವುದು ಮರ್ಯಾದೆಯೂ ಹೌದು.

ನೇತ್ರದಾನ, ಅಂಗದಾನ, ದೇಹದಾನದ ಇಚ್ಛೆಯನ್ನು ವಿಲ್‌ನಲ್ಲಿ ಬರೆದು ಸುಮ್ಮನಾಗಬೇಡಿ. ಸಾಮಾನ್ಯವಾಗಿ ವಿಲ್ ತೆಗೆದು ಓದುವುದು ತಿಥಿ ಕಳೆದ ಮೇಲೆ, ಕಣ್ಣು ತೆಗೆಯಬೇಕಾದದ್ದು ಕೆಲವೇ ಗಂಟೆಗಳಲ್ಲಿ. ಅದಕ್ಕೆ ಪ್ರತ್ಯೇಕ ಪ್ರತಿಜ್ಞಾ ಪತ್ರ ತುಂಬಿ, ಒಪ್ಪಿಗೆ ಕೊಡಬೇಕಾದ ಮನೆಯವರಿಗೆ ಈಗಲೇ ಹೇಳಿಡಿ.

ಮದುವೆ, ಮಗು, ವಿಚ್ಛೇದನ, ಮನೆ ಖರೀದಿ, ದೇಶ ಬದಲಾವಣೆ, ಹೆಸರಿಸಿದವರ ಸಾವು, ಇವುಗಳಲ್ಲಿ ಯಾವುದಾದರೂ ಆದಾಗ ವಿಲ್ ತೆಗೆದು ಓದಿ. ಬದಲಾವಣೆ ಬೇಕಿದ್ದರೆ ಹಳೆಯ ಪ್ರತಿಯ ಮೇಲೆ ಗೀಚಿ ತಿದ್ದಬೇಡಿ. ಸಾಕ್ಷಿಗಳ ಸಹಿ ಇಲ್ಲದ ತಿದ್ದುಪಡಿಗೆ ಬೆಲೆಯಿಲ್ಲ. ‘ಇದಕ್ಕೆ ಮುಂಚಿನ ಎಲ್ಲ ವಿಲ್‌ಗಳನ್ನೂ ರದ್ದುಪಡಿಸಿದ್ದೇನೆ’ ಎಂಬ ಸಾಲಿನೊಂದಿಗೆ ಪೂರ್ತಿ ಹೊಸದಾಗಿ ಬರೆಯಿರಿ, ಹಳೆಯದು ನೋಂದಣಿಯಾಗಿದ್ದರೆ ಹೊಸದನ್ನೂ ನೋಂದಣಿ ಮಾಡಿಸಿ. ಕೊನೆಯ ವಿಲ್ಲೇ ಊರ್ಜಿತ ಎಂದು ಕಾನೂನು ಹೇಳಿದರೂ, ನೋಂದಣಿಯಾದ ಹಳೆಯದು ಮತ್ತು ನೋಂದಣಿಯಾಗದ ಹೊಸದು ಒಟ್ಟಿಗೆ ಸಿಕ್ಕ ಮನೆಯಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ.